ಕಾಂಕ್ರೀಟ್ ರಸ್ತೆಯ ತ್ವರಿತ ದುರಸ್ತಿ: ಅಧ್ಯಯನ ಟಿಪ್ಪಣಿ

ಬೆಂಗಳೂರಿನ ವೈಟ್‌ಟಾಪಿಂಗ್ (ಡಾಂಬರಿನ ಮೇಲೆ ಕಾಂಕ್ರೀಟು ಹಾಸಿದ) ರಸ್ತೆಗಳಂತಹ ವಾಹನದಟ್ಟಣೆಯ ಕಡೆ ದುರಸ್ತಿಗಾಗಿ ಸಂಚಾರವನ್ನು ವಾರಗಟ್ಟಲೆ ತಡೆಯುವಂತಿಲ್ಲ. ಆದ್ದರಿಂದ ಬೇಗ ಗಟ್ಟಿಯಾಗುವ ಸಿಮೆಂಟುಗಳನ್ನು ಬಳಸುತ್ತಾರೆ. ಕ್ಯಾಲ್ಸಿಯಂ ಸಲ್ಫೋಅಲ್ಯುಮಿನೇಟ್ ಸಿಮೆಂಟಿನಲ್ಲಿ ಎಟ್ರಿಂಗೈಟ್ ಎಂಬ ಖನಿಜದ ಹರಳುಗಳು ಶೀಘ್ರವಾಗಿ ಬೆಳೆಯುವುದರಿಂದ ಕೆಲವೇ ಗಂಟೆಗಳಲ್ಲಿ ವಾಹನಗಳನ್ನು ಬಿಡುವಷ್ಟು ಬಲ ಬರುತ್ತದೆ. ನಾವು ಪರೀಕ್ಷೆಗೆ ಸಿಮೆಂಟಿನ ಹೆಸರುಗಳನ್ನೇ ಬಾಯಿಪಾಠ ಮಾಡುತ್ತೇವೆ, ಆದರೆ ತೇಪೆ ಬಹುಪಾಲು ಕಿತ್ತುಬರುವುದು ಅಂಚಿನ ತಯಾರಿ ಕೆಟ್ಟಿರುವುದರಿಂದ ಎಂಬುದನ್ನು ಮರೆಯಬಾರದು.

ಹಾನಿ ಕಾಂಕ್ರೀಟು ಚಪ್ಪಡಿಯ ದಪ್ಪದ ಮೇಲಿನ ಮೂರನೇ ಒಂದು ಭಾಗದಷ್ಟಕ್ಕೆ ಸೀಮಿತವಾಗಿದ್ದರೆ ಭಾಗಶಃ ಆಳದ ದುರಸ್ತಿ ಸಾಕು. ಸುತ್ತಿಗೆಯಿಂದ ಬಡಿಯುತ್ತಾ ಹೋದಾಗ ಗಟ್ಟಿ ಕಾಂಕ್ರೀಟು ಠಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡ ಜಾಗ ಟೊಳ್ಳು ಸದ್ದು ಕೊಡುತ್ತದೆ. ಆ ಟೊಳ್ಳಿನಿಂದ ಸುಮಾರು 75 ಮಿ.ಮೀ. ಆಚೆಗೆ ಆಯತಾಕಾರದ ಗೆರೆ ಹಾಕಿ, ಗರಗಸದಿಂದ ಸುಮಾರು 50 ಮಿ.ಮೀ. ಆಳಕ್ಕೆ ಕೊಯ್ಯಬೇಕು. ಒಡೆಯಲು 15 ಕೆ.ಜಿ. ಮೀರದ ಹಗುರ ಬ್ರೇಕರ್ ಬಳಸಬೇಕು, ಏಕೆಂದರೆ ಭಾರದ ಯಂತ್ರ ಕೆಳಗಿನ ಗಟ್ಟಿ ಪದರದಲ್ಲೂ ಕೂದಲೆಳೆಯ ಬಿರುಕು ಮೂಡಿಸುತ್ತದೆ. ಗುಂಡಿಯನ್ನು ಮರಳಿನ ಸಿಡಿತದಿಂದ ಉಜ್ಜಿ ಗಾಳಿ ಊದುವಾಗ, ಕಂಪ್ರೆಸರಿನ ಗಾಳಿಗೆ ಬಿಳಿ ಬಟ್ಟೆ ಹಿಡಿದು ನೋಡಬೇಕು. ಬಟ್ಟೆಗೆ ಎಣ್ಣೆಯ ಕಲೆ ಹತ್ತಿದರೆ ಆ ಗಾಳಿ ತಾಗಿದ ಮೇಲ್ಮೈಗೆ ಹೊಸ ಕಾಂಕ್ರೀಟು ಅಂಟುವುದಿಲ್ಲ. ಎರಡು ಚಪ್ಪಡಿಗಳ ನಡುವಿನ ಜಾಯಿಂಟಿನ ಪಕ್ಕದ ತೇಪೆಯಾದರೆ, ಕಾಂಕ್ರೀಟು ಸುರಿಯುವ ಮೊದಲು ಜಾಯಿಂಟಿನಲ್ಲಿ ಕುಗ್ಗಬಲ್ಲ ಫೋಮ್ ಪಟ್ಟಿ ನಿಲ್ಲಿಸಲೇಬೇಕು, ಇಲ್ಲವಾದರೆ ಬೇಸಿಗೆಯಲ್ಲಿ ಹಿಗ್ಗಿದ ಚಪ್ಪಡಿ ತೇಪೆಯನ್ನೇ ಒತ್ತಿ ಪುಡಿಮಾಡುತ್ತದೆ.

ಪಕ್ಕಪಕ್ಕದ ಚಪ್ಪಡಿಗಳನ್ನು ಬೆಸೆಯುವ ಡೋವೆಲ್ ಸರಳುಗಳವರೆಗೆ ಹಾನಿ ಇಳಿದಿದ್ದರೆ ಪೂರ್ಣ ಆಳದ ದುರಸ್ತಿಯೇ ಗತಿ. ಹಾಳಾದ ತುಂಡನ್ನು ಅಲ್ಲೇ ಒಡೆಯುವ ಬದಲು ಸುತ್ತಲೂ ಕೊಯ್ದು ಕ್ರೇನಿನಿಂದ ಎತ್ತುವುದು ಉತ್ತಮ. ಕೆಳಗಿನ ತಳಪದರ ಕದಡುವುದಿಲ್ಲ, ಸಮಯವೂ ಉಳಿಯುತ್ತದೆ. ಉಳಿದ ಚಪ್ಪಡಿಯ ಅಂಚಿನಲ್ಲಿ ಹಲವು ಡ್ರಿಲ್‌ಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿದ ಯಂತ್ರದಿಂದ ಸಮಾನಾಂತರ ರಂಧ್ರ ಕೊರೆದು, ಎಪಾಕ್ಸಿ ಅಂಟನ್ನು ರಂಧ್ರದ ಒಳತುದಿಯಿಂದ ತುಂಬುತ್ತಾ ಬಂದು, ಸರಳನ್ನು ತಿರುಗಿಸುತ್ತಾ ಒಳಗೆ ತಳ್ಳಬೇಕು. ಸರಳಿಗೆ ಎಪಾಕ್ಸಿ ಸವರಿ ತೂರಿಸಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಆ ಅಂಟನ್ನು ಹೊರದೂಡುತ್ತದೆ.

ಬೇಗ ಬಿಗಿಯುವ ಮಿಶ್ರಣವನ್ನು ದೂರದ ಘಟಕದಿಂದ ಲಾರಿಯಲ್ಲಿ ತಂದರೆ ದಾರಿಯಲ್ಲೇ ಗಟ್ಟಿಯಾಗುವ ಅಪಾಯವಿದೆ. ಹಾಗಾಗಿ ಸಿಮೆಂಟು, ಜಲ್ಲಿ, ಮರಳು, ನೀರನ್ನು ಬೇರೆಬೇರೆಯಾಗಿ ಹೊತ್ತು ತಂದು ಸ್ಥಳದಲ್ಲೇ ಕಲಸುವ ಸಂಚಾರಿ ಮಿಕ್ಸರ್ ಇಲ್ಲಿ ಬಹಳ ಉಪಯುಕ್ತ. ರಸ್ತೆ ತೆರೆಯುವುದನ್ನು ಗಡಿಯಾರ ನೋಡಿ ನಿರ್ಧರಿಸಬಾರದು: ತಣ್ಣನೆಯ ರಾತ್ರಿಯಲ್ಲಿ ಅದೇ ಮಿಶ್ರಣ ನಿಧಾನವಾಗಿ ಬಲ ಪಡೆಯುವುದರಿಂದ, ಅದೇ ಮಿಶ್ರಣದಿಂದ ಮಾಡಿದ ಘನಗಳನ್ನು ಒತ್ತಿ ಒಡೆಯುವ ಪರೀಕ್ಷೆಯಿಂದಲೋ ಚಪ್ಪಡಿಯೊಳಗಿಟ್ಟ ತಾಪಮಾಪಕದ ಅಳತೆಯಿಂದ ಲೆಕ್ಕಹಾಕಿಯೋ ಬಲವನ್ನು ಖಚಿತಪಡಿಸಿಕೊಂಡ ಮೇಲೆಯೇ ವಾಹನಗಳನ್ನು ಬಿಡಬೇಕು.