ಖುಷ್ಕಿ ಜಮೀನಿನಲ್ಲಿ ಖುಷಿ ಇದೆಯೇ?

ಓದುಗರ ಪ್ರಶ್ನೆ: ನಮ್ಮ ಪಹಣಿಯಲ್ಲಿ ಜಮೀನಿನ ಬಗೆ ‘ಖುಷ್ಕಿ’ ಎಂದಿದೆ. ನೀರಾವರಿಯಿಲ್ಲದ ಹೊಲಕ್ಕೆ ಇಂಥ ಹೆಸರೇಕೆ? ‘ಖುಷಿ’ಗೂ ಇದಕ್ಕೂ ನಂಟಿದೆಯೇ?

ಉತ್ತರ: ನಂಟಿಲ್ಲ. ಎರಡೂ ಪಾರಸಿಯಿಂದ ಬಂದವೇ, ಆದರೆ ಬುಡ ಬೇರೆ. ‘ಖುಷ್ಕ್’ ಎಂದರೆ ಒಣಗಿದ್ದು, ಒಣತನವೇ ಖುಷ್ಕಿ. ‘ಖುಷ್’ ಎಂದರೆ ಹಿತವಾದದ್ದು. ಪಾರಸಿ ಬರಹದಲ್ಲಿ ಈ ಖುಷ್ ಪದದೊಳಗೆ ಬಾಯಲ್ಲಿ ನುಡಿಯದ ಒಂದು ವಕಾರ ಕೂತಿರುತ್ತದೆ, ಖುಷ್ಕ್‌ನಲ್ಲಿ ಅದಿಲ್ಲ. ಕನ್ನಡ ಲಿಪಿಗೆ ಬಂದಾಗ ಆ ಗುರುತು ಅಳಿಸಿಹೋಗಿ, ಯಾರದೋ ಮಕ್ಕಳು ಅಣ್ಣತಮ್ಮಂದಿರಂತೆ ಕಾಣುತ್ತಿದ್ದಾರೆ.

ಖುಷ್ಕಿಯ ನಿಜವಾದ ದಾಯಾದಿ ಸಂಸ್ಕೃತದ ‘ಶುಷ್ಕ’. ಸಂಸ್ಕೃತದಲ್ಲಿ ಸಕಾರವಿರುವ ಕಡೆ ಇರಾನಿನ ಭಾಷೆಗಳಲ್ಲಿ ಹಕಾರ ಬರುವುದುಂಟು. ಸಿಂಧು ಅಲ್ಲಿ ಹಿಂದು. ಸಪ್ತ ಅಲ್ಲಿ ಹಫ್ತ್. (ವಾರವಾರವೂ ಅಂಗಡಿಯವರಿಂದ ಕಸಿಯುವ ಹಫ್ತಾ ಹುಟ್ಟಿದ್ದು ಈ ಏಳರಿಂದಲೇ.) ಶುಷ್ಕದ ಮೊದಲಕ್ಷರವೂ ಮೂಲದಲ್ಲಿ ಸಕಾರವೇ, ಮುಂದಿರುವ ಷಕಾರದ ಸಹವಾಸದಿಂದ ಶಕಾರವಾಯಿತು. ಇರಾನಿನ ಕಡೆ ಅದು ಅಲ್ಲಿನ ಹಳೆಯ ಧರ್ಮಗ್ರಂಥವಾದ ಅವೆಸ್ತಾದ ನುಡಿಯಲ್ಲಿ ‘ಹುಷ್ಕ’ ಆಯಿತು, ಈಗಿನ ಪಾರಸಿಯಲ್ಲಿ ಖುಷ್ಕ್. ಹೀಗೆ ಒಂದೇ ಪದ ನಮ್ಮಲ್ಲಿಗೆ ಎರಡು ಸಲ ಬಂದಿದೆ: ಒಮ್ಮೆ ಪಂಡಿತರ ಜೊತೆ, ಇನ್ನೊಮ್ಮೆ ಕಂದಾಯದ ಕಡತದ ಜೊತೆ.

ಆ ಕಡತದಲ್ಲಿ ಖುಷ್ಕಿಗೆ ಇಬ್ಬರು ಜೊತೆಗಾರರಿದ್ದಾರೆ. ‘ತರಿ’ ಎಂದರೆ ನೀರುಂಡ ಭೂಮಿ, ಪಾರಸಿಯಲ್ಲಿ ‘ತರ್’ ಎಂದರೆ ಒದ್ದೆ. ‘ಬಾಗಾಯ್ತು’ ಎಂದರೆ ತೋಟ. ಲಾಲ್‌ಬಾಗಿನ ಬಾಗ್ ಅದೇ. ಇವು ಬರುವ ಮೊದಲು ಇಲ್ಲಿ ಹೆಸರುಗಳಿರಲಿಲ್ಲವೆಂದಲ್ಲ. ನಮ್ಮ ಶಾಸನಗಳು ‘ಗದ್ದೆ ಬೆದ್ದಲು’ ಎಂದು ಜೋಡಿಯಾಗಿಯೇ ಹೇಳುತ್ತವೆ. ಬೆದ್ದಲು ಎಂದರೆ ಮಳೆಯನ್ನೇ ನಂಬಿದ ಹೊಲ. ಖುಷ್ಕಿ ಎಂದರೂ ಅಷ್ಟೇ; ಬರಡು ಎಂದಲ್ಲ. ರಾಗಿ, ಜೋಳ, ತೊಗರಿ ಬೆಳೆಯುವ ನೆಲವದು. ಬೆದ್ದಲಿನಂಥ ಒಳ್ಳೆಯ ಪದ ಪಹಣಿಯೊಳಗೆ ಕಾಲಿಡದೇ ಹೋದದ್ದು ನನಗಂತೂ ಬೇಸರದ ಸಂಗತಿ.

ಅಂದಹಾಗೆ, ಈ ಪದವನ್ನು ನೀವು ತಟ್ಟೆಯಲ್ಲಿಯೂ ಕಂಡಿರುತ್ತೀರಿ. ಏನೂ ಬೆರೆಸದೆ ಬೇಯಿಸಿದ ಬರಿಯ ಅನ್ನಕ್ಕೆ ಪಾರಸಿ, ಉರ್ದುಗಳಲ್ಲಿ ‘ಖುಷ್ಕಾ’ ಎಂದು ಹೆಸರು. ಅದೇ ಬೆಂಗಳೂರಿನ ಬಿರಿಯಾನಿ ಹೋಟೆಲುಗಳಲ್ಲಿ ‘ಕುಷ್ಕ’ ಆಗಿದೆ. ಮಸಾಲೆ, ಎಣ್ಣೆಯಲ್ಲಿ ಮಿಂದು ಬರುವ ಆ ಅನ್ನದಲ್ಲಿ ಒಣಗಿದ್ದು ಏನೂ ಇಲ್ಲ, ಮಾಂಸದ ತುಂಡು ಇಲ್ಲ ಅಷ್ಟೆ.