ಸೋಲುತ್ತಿರುವ ತಂಡ ಎಲ್ಲರನ್ನೂ ಒಂದೇ ಸಲ ಯಾಕೆ ಬದಲಾಯಿಸಲ್ಲ?

ಓದುಗರ ಪ್ರಶ್ನೆ: ನಮ್ಮ ಸುಂಟಿಕೊಪ್ಪ, ಸಿದ್ದಾಪುರ ಕಡೆ ಸೆವೆನ್ಸ್ (ಏಳು ಜನರ ಫುಟ್‌ಬಾಲ್) ಆಡುವ ತಂಡಗಳು ಒಂದು ಟೂರ್ನಿಯಲ್ಲಿ ಸೋತರೆ ಮುಂದಿನ ಟೂರ್ನಿಗೆ ಅರ್ಧಕ್ಕರ್ಧ ಹೊಸ ಹುಡುಗರನ್ನು ಕರೆದುಕೊಂಡು ಬರುತ್ತವೆ. ಕೋಟಿಗಟ್ಟಲೆ ದುಡ್ಡಿರುವ ಪ್ರೊಫೆಷನಲ್ ಕ್ಲಬ್‌ಗಳು ಮಾತ್ರ ಇಡೀ ಸೀಸನ್ ಸೋಲುತ್ತಲೇ ಇರುತ್ತವೆ. ಅವರಿಗೆ ಯಾಕೆ ಆಗಲ್ಲ? ತಂಡವನ್ನು ಹೊಸದಾಗಿ ಕಟ್ಟುತ್ತೇವೆ ಅಂತಾರಲ್ಲ, ನಿಜವಾಗಿ ಏನು ಮಾಡುತ್ತಾರೆ? ಎಷ್ಟು ಸಮಯ ಬೇಕು?

ಉತ್ತರ: ಬೆಂಗಳೂರು ಎಫ್‌ಸಿ ಸತತ ಎರಡು ಮ್ಯಾಚ್ ಸೋತರೆ ಸಾಕು, ಈ ಪ್ರಶ್ನೆ ಏಳುತ್ತದೆ. ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೆವೆನ್ಸ್ ತಂಡದವರು ಗೆಸ್ಟ್ ಆಟಗಾರನನ್ನು ಮ್ಯಾಚಿಗೆ ಇಷ್ಟು ಅಂತ ಮಾತಾಡಿ ಕರೆಸುತ್ತಾರೆ. ಆಟ ಮುಗಿಯಿತು, ಲೆಕ್ಕವೂ ಮುಗಿಯಿತು. ಪ್ರೊಫೆಷನಲ್ ಕ್ಲಬ್ ಹಾಗಲ್ಲ, ಆಟಗಾರನ ಜೊತೆ ವರ್ಷಗಟ್ಟಲೆ ಒಪ್ಪಂದ ಮಾಡಿಕೊಂಡಿರುತ್ತದೆ. ಹಾಗಾಗಿ ಯಾರನ್ನು ತರೋಣ ಅನ್ನುವ ಮೊದಲು, ಯಾರ ಒಪ್ಪಂದ ಯಾವಾಗ ಮುಗಿಯುತ್ತದೆ ಅಂತ ನೋಡಬೇಕಾಗುತ್ತದೆ. ತಂಡ ಕಟ್ಟುವ ಕೆಲಸ ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಕೊಡಗಿನವರಿಗೆ ಇದನ್ನು ವಿವರಿಸೋದು ಸುಲಭ, ಯಾಕಂದ್ರೆ ಎರಡು ತುದಿಗಳೂ ನಮ್ಮ ಕಣ್ಣ ಮುಂದೇ ಇವೆ. ಒಂದು ತುದಿಯಲ್ಲಿ ಕೊಡವ ಕೌಟುಂಬಿಕ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಈ ಟೂರ್ನಿಯಲ್ಲಿ, 2024ರ ನಾಪೋಕ್ಲಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ಕುಟುಂಬಗಳು ಹೆಸರು ಕೊಟ್ಟಿದ್ದವು. ಅಲ್ಲಿ ಒಂದು ಒಕ್ಕಕ್ಕೆ (ಕುಟುಂಬಕ್ಕೆ) ಒಳ್ಳೆಯ ಗೋಲ್‌ಕೀಪರ್ ಇಲ್ಲದಿದ್ದರೆ ಪಕ್ಕದ ಒಕ್ಕದಿಂದ ಕೊಂಡು ತರುವ ಹಾಗಿಲ್ಲ. ಮನೆಯ ಹುಡುಗನಿಗೇ ಪ್ಯಾಡ್ ಕಟ್ಟಬೇಕು, ಇಲ್ಲವೇ ಬೆಂಗಳೂರಲ್ಲಿರುವ ಅಣ್ಣನಿಗೆ ರಜೆ ಹಾಕಿ ಬಾ ಅಂತ ದುಂಬಾಲು ಬೀಳಬೇಕು. ಇನ್ನೊಂದು ತುದಿಯಲ್ಲಿ ನೀವು ಹೇಳಿದ ಸೆವೆನ್ಸ್, ಒಂದು ಫೋನ್ ಮಾಡಿದರೆ ಗಡಿಯಾಚೆಯಿಂದ ಸ್ಟ್ರೈಕರ್ ಬಂದಿಳಿಯುವ ಆಟ. ಪ್ರೊಫೆಷನಲ್ ಕ್ಲಬ್ ಇವೆರಡರ ಮಧ್ಯೆ ಸಿಕ್ಕಿಕೊಂಡಿದೆ. ಕೊಂಡುಕೊಳ್ಳಬಹುದು, ಆದರೆ ಬೇಕಾದಾಗ ಅಲ್ಲ. ಬಿಟ್ಟುಬಿಡಬಹುದು, ಆದರೆ ಸುಮ್ನೆ ಅಲ್ಲ.

ಫೀಫಾ ನಿಯಮದ ಪ್ರಕಾರ ಒಂದು ಒಪ್ಪಂದ ಸಾಮಾನ್ಯವಾಗಿ ಐದು ವರ್ಷದವರೆಗೆ ಇರಬಹುದು. ಆಟಗಾರ ಚೆನ್ನಾಗಿ ಆಡುತ್ತಿಲ್ಲ ಅನ್ನುವುದು ಅವನನ್ನು ತೆಗೆದುಹಾಕಲು ನ್ಯಾಯವಾದ ಕಾರಣ ಆಗುವುದಿಲ್ಲ. ಬಲವಂತವಾಗಿ ತೆಗೆದರೆ ಪರಿಹಾರ ಕಟ್ಟಿಕೊಡಬೇಕು. ಹಾಗಾಗಿ ಕ್ಲಬ್‌ಗೆ ಉಳಿಯುವ ದಾರಿಗಳು ಕೆಲವೇ. ಇನ್ನೊಂದು ಕ್ಲಬ್‌ಗೆ ಮಾರುವುದು, ಲೋನ್ ಮೇಲೆ (ಸ್ವಲ್ಪ ಕಾಲಕ್ಕೆ ಎರವಲಾಗಿ) ಕಳಿಸುವುದು, ಕೂತು ಮಾತಾಡಿ ಒಂದಿಷ್ಟು ದುಡ್ಡು ಕೊಟ್ಟು ಒಪ್ಪಂದ ಮುಗಿಸುವುದು, ಅಥವಾ ಅವಧಿ ಮುಗಿಯುವವರೆಗೆ ಸಂಬಳ ಕೊಡುತ್ತಾ ಕಾಯುವುದು. ಇನ್ನೊಂದು ಕಡೆಯಿಂದಲೂ ಇಕ್ಕಟ್ಟಿದೆ. ಒಪ್ಪಂದದಲ್ಲಿ ಆರು ತಿಂಗಳು ಮಾತ್ರ ಬಾಕಿ ಇರುವಾಗ ಆಟಗಾರ ಬೇರೆ ಕ್ಲಬ್ ಜೊತೆ ಮುಂದಿನ ಒಪ್ಪಂದ ಮಾಡಿಕೊಳ್ಳಬಹುದು. ಅಂದರೆ ನಿಮ್ಮ ಒಳ್ಳೆಯ ಡಿಫೆಂಡರ್‌ನ ಒಪ್ಪಂದ ಮೇ ತಿಂಗಳಲ್ಲಿ ಮುಗಿಯುವುದಾದರೆ, ಡಿಸೆಂಬರ್ ಬರುವುದರೊಳಗೆ ಎಚ್ಚೆತ್ತುಕೊಳ್ಳದ ಕ್ಲಬ್ ಅವನನ್ನು ಒಂದು ರೂಪಾಯಿಯೂ ಸಿಗದೆ ಕಳೆದುಕೊಳ್ಳುತ್ತದೆ. ಸೋಲುವ ತಂಡಗಳಲ್ಲಿ ಇದು ಜಾಸ್ತಿ. ಆಡಳಿತದವರು ಕೋಚ್‌ನನ್ನು ತೆಗೆಯುವ ಗಲಾಟೆಯಲ್ಲಿರುತ್ತಾರೆ, ಕಡತದಲ್ಲಿರುವ ದಿನಾಂಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಟ್ರಾನ್ಸ್‌ಫರ್ ವಿಂಡೋ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಹೊಸ ಆಟಗಾರನನ್ನು ನೋಂದಾಯಿಸಲು ವರ್ಷಕ್ಕೆ ಎರಡೇ ಅವಕಾಶ. ಸೀಸನ್ ಶುರುವಾಗುವ ಮುಂಚೆ ಒಂದು, ಜನವರಿ ಹೊತ್ತಿಗೆ ಇನ್ನೊಂದು.

ಭಾರತದಲ್ಲಿ ಇದರ ಮೇಲೆ ವಿದೇಶಿ ಆಟಗಾರರ ಮಿತಿಯೂ ಸೇರುತ್ತದೆ. ದೇಶದ ದೊಡ್ಡ ಲೀಗ್ ಇಂಡಿಯನ್ ಸೂಪರ್ ಲೀಗ್ ಅಂದರೆ ಐಎಸ್‌ಎಲ್‌ನಲ್ಲಿ 2024-25ರಲ್ಲಿ ತಂಡದಲ್ಲಿ ಆರು ವಿದೇಶಿಯರು ಇರಬಹುದಿತ್ತು, ಮೈದಾನದಲ್ಲಿ ಒಮ್ಮೆಗೆ ನಾಲ್ವರು ಮಾತ್ರ. ಉಳಿದ ಏಳು ಜಾಗ ಭಾರತೀಯರದು. ಅಭಿಮಾನಿಗಳು ಯಾವ ಸ್ಪೇನ್ ಆಟಗಾರ ಬರುತ್ತಾನೆ ಅಂತ ಕಾಯುತ್ತಾರೆ, ಪೇಪರಿನಲ್ಲೂ ಅದೇ ಸುದ್ದಿ. ಆದರೆ ನನ್ನ ಲೆಕ್ಕದಲ್ಲಿ ತಂಡ ಎದ್ದು ನಿಲ್ಲುವುದೋ ಬೀಳುವುದೋ ಆ ಏಳು ಜನರ ಮೇಲೆ. ಒಳ್ಳೆಯ ವಿದೇಶಿ ಸ್ಟ್ರೈಕರ್‌ನನ್ನು ಜಗತ್ತಿನ ಎಲ್ಲಿಂದ ಬೇಕಾದರೂ ಹುಡುಕಬಹುದು. ಒಳ್ಳೆಯ ಭಾರತೀಯ ಸೆಂಟರ್ ಬ್ಯಾಕ್ (ಡಿಫೆನ್ಸ್‌ನ ನಡುವೆ ಆಡುವವನು) ಬೇಕೆಂದರೆ ಬೆರಳೆಣಿಕೆಯ ಹೆಸರುಗಳು, ಅವರೆಲ್ಲ ಬೇರೆ ಕ್ಲಬ್‌ಗಳ ಒಪ್ಪಂದದಲ್ಲಿ ಇರುವವರೇ.

ಬೆಂಗಳೂರು ಎಫ್‌ಸಿಯನ್ನೇ ನೋಡಿ. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಸೀಸನ್‌ನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2018-19ರಲ್ಲಿ ಐಎಸ್‌ಎಲ್ ಕೂಡ ಬಂತು, ಫೈನಲ್‌ನಲ್ಲಿ ಗೋವಾ ಮೇಲೆ ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದವರು ಡಿಫೆಂಡರ್ ರಾಹುಲ್ ಭೇಕೆ. ಆಮೇಲೆ ಇಳಿಜಾರು. 2020-21ರಲ್ಲಿ ಏಳನೇ ಸ್ಥಾನ. 2022-23ರಲ್ಲಿ ಸತತ ಎಂಟು ಪಂದ್ಯ ಗೆದ್ದು ಫೈನಲ್‌ವರೆಗೆ ಹೋದರು, ಪೆನಾಲ್ಟಿಯಲ್ಲಿ ಸೋತರು. ಆ ಬೇಸಿಗೆಯಲ್ಲಿ ತಂಡದ ಬೆನ್ನುಮೂಳೆಯೇ ಹೋಯಿತು. ಡಿಫೆನ್ಸ್‌ನ ಸಂದೇಶ್ ಝಿಂಗನ್ ಮತ್ತು ವಿಂಗ್‌ನ ಉದಾಂತ ಸಿಂಗ್ ಗೋವಾಕ್ಕೆ, ಮುಂದೆ ಆಡುತ್ತಿದ್ದ ರಾಯ್ ಕೃಷ್ಣ ಒಡಿಶಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ. ಫಲಿತಾಂಶ 2023-24ರಲ್ಲಿ ಕಾಣಿಸಿತು: 12 ತಂಡಗಳಲ್ಲಿ 10ನೇ ಸ್ಥಾನ. ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ಹೋದರು, ಜೆರಾರ್ಡ್ ಝರಗೋಝಾ ಬಂದರು.

ಗಮನಿಸಬೇಕಾದದ್ದು ಇದರ ನಂತರದ ಕೆಲಸ. 2024ರ ಜನವರಿಯಲ್ಲಿ ಹೈದರಾಬಾದ್ ಎಫ್‌ಸಿ ದುಡ್ಡಿಲ್ಲದೆ ಒದ್ದಾಡುತ್ತಿತ್ತು. ಅಲ್ಲಿಂದ ಸೆಂಟರ್ ಬ್ಯಾಕ್ ಚಿಂಗ್ಲೆನ್‌ಸಾನಾ ಸಿಂಗ್ ಮತ್ತು ಬಲಬದಿಯ ನಿಖಿಲ್ ಪೂಜಾರಿ ಬೆಂಗಳೂರಿಗೆ ಬಂದರು. ಆ ಸೀಸನ್ ಹೇಗೂ ಕೈತಪ್ಪಿತ್ತು, ಆದರೂ ಬೇಸಿಗೆಗೆ ಕಾಯಲಿಲ್ಲ. ಇನ್ನೊಬ್ಬರ ಕಷ್ಟದಲ್ಲಿ ಲಾಭ ಅಂತ ಅನಿಸಬಹುದು. ಫುಟ್‌ಬಾಲ್ ಮಾರುಕಟ್ಟೆ ನಡೆಯುವುದೇ ಹಾಗೆ. ಬೇಸಿಗೆಯಲ್ಲಿ ಮುಂಬೈ ಸಿಟಿಯಿಂದ ಭೇಕೆಯನ್ನು ವಾಪಸ್ ಕರೆತಂದರು. ಅದೇ ಕ್ಲಬ್‌ನಿಂದ ಆಲ್ಬರ್ಟೊ ನೊಗೆರಾ, ಹೋರ್ಹೆ ಪೆರೇರಾ ಡಿಯಾಸ್ ಬಂದರು. ಹೊರಗಿನಿಂದ ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ. ಮೊದಲ ಮೂವರಿಗೂ ಐಎಸ್‌ಎಲ್‌ನ ಬಿಸಿಲು, ಪ್ರಯಾಣ, ರೆಫರಿಗಳು ಎಲ್ಲಾ ಗೊತ್ತಿದ್ದವು. ಹೊಸದಾಗಿ ಬಂದವರು ಹೊಂದಿಕೊಳ್ಳಲು ತೆಗೆದುಕೊಳ್ಳುವ ತಿಂಗಳುಗಳು ಅಲ್ಲಿ ಉಳಿದವು.

ಅಷ್ಟೇ ಮುಖ್ಯವಾದದ್ದು ಯಾರನ್ನು ಮುಟ್ಟಲಿಲ್ಲ ಅನ್ನುವುದು. 2017ರಿಂದ ಗೋಲ್ ಕಾಯುತ್ತಿರುವ ಗುರುಪ್ರೀತ್ ಸಿಂಗ್ ಸಂಧು ಅಲ್ಲೇ ಇದ್ದರು. ಮಿಡ್‌ಫೀಲ್ಡ್‌ನಲ್ಲಿ ಸುರೇಶ್ ಸಿಂಗ್ ಇದ್ದರು. ಸ್ಟ್ರೈಕರ್ ಸುನಿಲ್ ಛೆಟ್ರಿ ಅಂತೂ ಇದ್ದೇ ಇದ್ದರು. ಬರೀ 10ನೇ ಸ್ಥಾನ ಬಂತು ಅಂತ ಇವರನ್ನೂ ಕಿತ್ತು ಹಾಕಿದ್ದರೆ ಹೊಸಬರಿಗೆ ಆಟ ಹೇಳಿಕೊಡಲು ಮೈದಾನದ ಒಳಗೆ ಯಾರೂ ಇರುತ್ತಿರಲಿಲ್ಲ. 2024-25ರಲ್ಲಿ ತಂಡ ಮೂರನೇ ಸ್ಥಾನಕ್ಕೆ ಬಂತು, ಫೈನಲ್‌ನಲ್ಲಿ ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ಒಂದು ವರ್ಷದಲ್ಲಿ ಹತ್ತರಿಂದ ಮೂರಕ್ಕೆ ಬಂದದ್ದು ಒಳ್ಳೆಯ ಕೆಲಸವೇ.

ಆದರೂ ನನಗೊಂದು ತಕರಾರಿದೆ. ಆ ಸೀಸನ್‌ನಲ್ಲಿ ಸುನಿಲ್ ಛೆಟ್ರಿ 14 ಗೋಲು ಹೊಡೆದರು, ವಯಸ್ಸು 40. ನೋಡಲು ಖುಷಿ, ನಿಜ. ಆದರೆ 40ರ ಆಟಗಾರನೇ ಅತಿ ಹೆಚ್ಚು ಗೋಲು ಹೊಡೆದ ತಂಡ ಪೂರ್ತಿ ಹೊಸದಾಗಿ ಕಟ್ಟಿದ ತಂಡ ಅಲ್ಲ, ಅಲ್ವಾ? ದೊಡ್ಡ ಪ್ರಶ್ನೆಯನ್ನು ಮುಂದಕ್ಕೆ ತಳ್ಳಿದೆ, ಅಷ್ಟೇ.

ದುಡ್ಡು ಸುರಿದರೆ ಬೇಗ ಆಗುತ್ತದಾ? ಇಂಗ್ಲೆಂಡಿನ ಚೆಲ್ಸಿ ಅದನ್ನು ಪರೀಕ್ಷೆ ಮಾಡಿ ತೋರಿಸಿದೆ. 2022-23ರಲ್ಲಿ ಹೊಸ ಮಾಲೀಕರು ಎರಡು ವಿಂಡೋಗಳಲ್ಲಿ ಲೆಕ್ಕವಿಲ್ಲದಷ್ಟು ಖರ್ಚು ಮಾಡಿದರು. ಎನ್ಜೊ ಫರ್ನಾಂಡಿಸ್ ಒಬ್ಬರಿಗೇ 10 ಕೋಟಿ ಪೌಂಡಿಗಿಂತ ಜಾಸ್ತಿ. ಉಕ್ರೇನಿನ ಮುದ್ರಿಕ್‌ಗೆ ಎಂಟೂವರೆ ವರ್ಷದ ಒಪ್ಪಂದ. ಒಂದೇ ಸೀಸನ್‌ನಲ್ಲಿ ಟುಕಲ್, ಪಾಟರ್, ಲ್ಯಾಂಪಾರ್ಡ್ ಅಂತ ಕೋಚ್‌ಗಳೂ ಬದಲಾದರು. ಕೊನೆಗೆ ಸಿಕ್ಕಿದ್ದು 12ನೇ ಸ್ಥಾನ. ಒಬ್ಬೊಬ್ಬರನ್ನೇ ನೋಡಿದರೆ ಒಳ್ಳೆಯ ಆಟಗಾರರೇ. ಆದರೆ ಒಬ್ಬ ಕೋಚ್‌ಗೆ ಬೇಕಾಗಿದ್ದವನು ಮುಂದಿನವನಿಗೆ ಬೇಡ, ಜೊತೆಗೆ ಯಾರಿಗೂ ಯಾರ ಓಟವೂ ಗೊತ್ತಿಲ್ಲ. ನಮ್ಮ ಸೆವೆನ್ಸ್ ತಂಡಗಳಲ್ಲೂ ಇದೇ ಆಗುವುದುಂಟು. ನಾಲ್ಕು ಜನ ಹೆಸರಾಂತ ಗೆಸ್ಟ್‌ಗಳನ್ನು ಕರೆಸಿದ ತಂಡ, ಒಟ್ಟಿಗೇ ಬೆಳೆದ ಏಳು ಹುಡುಗರ ಎದುರು ಮೊದಲ ಸುತ್ತಲ್ಲೇ ಮನೆಗೆ ಹೋಗುತ್ತದೆ.

ಅದೇ ಲಂಡನ್‌ನ ಆರ್ಸೆನಲ್ ಬೇರೆ ದಾರಿ ಹಿಡಿಯಿತು. 2019ರ ಡಿಸೆಂಬರ್‌ನಲ್ಲಿ ಮಿಕೆಲ್ ಅರ್ಟೆಟಾ ಕೋಚ್ ಆದರು. ಎರಡು ಸೀಸನ್ ಸತತವಾಗಿ ಎಂಟನೇ ಸ್ಥಾನ. ಆ ಹೊತ್ತಿನಲ್ಲಿ ಅವರು ಮಾಡಿದ ದೊಡ್ಡ ಕೆಲಸ ಕಳಿಸಿಕೊಡುವುದು. ದೊಡ್ಡ ಸಂಬಳದ ಓಝಿಲ್, ಮುಸ್ತಫಿ, ವಿಲಿಯನ್, ಆಮೇಲೆ ಒಬಮೆಯಾಂಗ್ ಎಲ್ಲರ ಒಪ್ಪಂದವನ್ನೂ ಅವಧಿಗೆ ಮುಂಚೆಯೇ ಮಾತಾಡಿ ಮುಗಿಸಿದರು. ಕೋಟಿಗಟ್ಟಲೆ ಬೆಲೆಯ ಆಟಗಾರರನ್ನು ಬಿಟ್ಟಿ ಬಿಟ್ಟರಲ್ಲ ಅಂತ ಅಭಿಮಾನಿಗಳು ಬೈದರು. 2021ರ ಬೇಸಿಗೆಯಲ್ಲಿ ತಂದ ಆರು ಜನರಲ್ಲಿ ಒಬ್ಬರಿಗೂ 23 ದಾಟಿರಲಿಲ್ಲ: ಒಡೆಗಾರ್ಡ್, ವೈಟ್, ರ‍್ಯಾಮ್ಸ್‌ಡೇಲ್ ಅವರೆಲ್ಲ ಆಗ ಬಂದವರು. ಸ್ವಂತ ಅಕಾಡೆಮಿಯ ಸಾಕಾ ಜೊತೆಗಿದ್ದರು. ಆ ಸೀಸನ್‌ನ ಮೊದಲ ಮೂರು ಪಂದ್ಯವೂ ಸೋಲು, ಮೂರನೆಯದು ಮ್ಯಾಂಚೆಸ್ಟರ್ ಸಿಟಿ ಎದುರು 5-0. ಕೋಚ್‌ನನ್ನು ತೆಗೆಯಲಿಲ್ಲ. ಆ ವರ್ಷ ಐದನೇ ಸ್ಥಾನ, ಮರುವರ್ಷ ಎರಡನೇ ಸ್ಥಾನ.

ಇನ್ನು ಸ್ವಂತ ಹುಡುಗರು. ಕೌಟುಂಬಿಕ ಹಾಕಿಯ ದಾರಿ ಇದು, ನಿಧಾನ ಆದರೆ ಗಟ್ಟಿ. ಬೆಂಗಳೂರು ಎಫ್‌ಸಿಯ ಎರಡನೇ ತಂಡ ರಾಜ್ಯದ ಸೂಪರ್ ಡಿವಿಷನ್ ಲೀಗ್‌ನಲ್ಲಿ ಆಡುತ್ತದೆ. 2022ರಲ್ಲಿ ಯುವ ಆಟಗಾರರ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಶುರುವಾದಾಗ ಮೊದಲ ಕಪ್ ಗೆದ್ದದ್ದೂ ಇವರ ಹುಡುಗರೇ. ಎರಡನೇ ತಂಡದಿಂದ ಮೇಲೆ ಬಂದ ಶಿವಶಕ್ತಿ ನಾರಾಯಣನ್ 2022-23ರಲ್ಲಿ ಮೊದಲ ತಂಡದ ಸ್ಟ್ರೈಕರ್ ಆದರು. 2024-25ರ ಮೊದಲ ಪಂದ್ಯದಲ್ಲಿ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು ಏಕೈಕ ಗೋಲು ಹೊಡೆದದ್ದು 19ರ ವಿನಿತ್ ವೆಂಕಟೇಶ್. ಇಂಥ ಹುಡುಗರನ್ನು ಕೊಂಡುಕೊಳ್ಳಲು ಖರ್ಚಿಲ್ಲ. ಸೋತಾಗ ಅವರನ್ನು ಮೈದಾನದಲ್ಲೇ ಬಿಡುವ ಧೈರ್ಯ ಮಾತ್ರ ಕೋಚ್‌ಗೆ ಬೇಕು. ಕೆಲಸ ಹೋಗುವ ಭಯದಲ್ಲಿರುವ ಕೋಚ್ ಸಾಮಾನ್ಯವಾಗಿ 32ರ ಅನುಭವಿಯನ್ನೇ ಇಳಿಸುತ್ತಾನೆ.

ನಮ್ಮಲ್ಲಿ ಹಾಕಿ ನೋಡಿ ಬೆಳೆದವರಿಗೆ ಇನ್ನೊಂದು ಮಾತು. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಮಾಡಬಹುದು. ಫುಟ್‌ಬಾಲ್‌ನಲ್ಲಿ ಪಂದ್ಯಕ್ಕೆ ಐದೇ ಬದಲಾವಣೆ, ಹೊರಗೆ ಹೋದವನು ವಾಪಸ್ ಬರುವ ಹಾಗಿಲ್ಲ. ಹಾಗಾಗಿ ತಂಡ ಕಟ್ಟುವಾಗ ಒಂದೇ ಜಾಗಕ್ಕೆ ನಾಲ್ಕು ಜನರನ್ನು ತರುವುದು ದಂಡ. ಎರಡು ಜಾಗ ಆಡಬಲ್ಲ ಒಬ್ಬ ಭಾರತೀಯ ಡಿಫೆಂಡರ್ ಸಿಕ್ಕರೆ ಅವನಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಎಷ್ಟು ಸಮಯ ಬೇಕು ಅಂತ ಕೇಳಿದ್ದಿರಿ. ಮರ್ಯಾದೆ ಉಳಿಸಿಕೊಳ್ಳುವ ಮಟ್ಟಕ್ಕೆ ಬರಲು ಎರಡು ವಿಂಡೋ ಸಾಕು, ಬೆಂಗಳೂರು ಅದನ್ನು ಮಾಡಿದೆ. ಕಪ್‌ಗೆ ಹಕ್ಕುದಾರ ಅನ್ನಿಸಿಕೊಳ್ಳಲು ಮೂರು ಸೀಸನ್ ಬೇಕು, ಅದೂ ಕ್ಲಬ್ ಗಟ್ಟಿಯಾಗಿದ್ದರೆ. ಐಎಸ್‌ಎಲ್‌ನಲ್ಲಿ 2024-25ರವರೆಗೆ ಯಾವ ತಂಡವೂ ಕೆಳಗಿನ ಲೀಗ್‌ಗೆ ಬಿದ್ದಿಲ್ಲ. ಸೋತರೂ ಲೀಗ್‌ನಲ್ಲೇ ಇರುತ್ತೇವೆ ಅನ್ನುವ ಈ ಅನುಕೂಲ ಇಂಗ್ಲೆಂಡಿನ ಕ್ಲಬ್‌ಗಳಿಗಿಲ್ಲ. ನಮ್ಮ ಕಷ್ಟ ಬೇರೆ. 2025ರ ಜುಲೈನಲ್ಲಿ ಮುಂದಿನ ಐಎಸ್‌ಎಲ್ ಸೀಸನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳ ನಿಲ್ಲಿಸಿತು. ಲೀಗ್ ಯಾವಾಗ ಶುರುವಾಗುತ್ತದೆ ಅಂತ ಗೊತ್ತಿಲ್ಲದಿದ್ದರೆ ಮೂರು ವರ್ಷದ ಯೋಜನೆ ಮಾಡುವವರು ಯಾರು?

ಆ ಗಲಾಟೆಯ ಮಧ್ಯೆಯೇ ಇನ್ನೊಂದು ಬೆಳವಣಿಗೆಯಾಯಿತು. ಕ್ಲಬ್‌ನ ವಿಂಗರ್ ರಯಾನ್ ವಿಲಿಯಮ್ಸ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. 2025ರಲ್ಲಿ ಅಲ್ಲಿನ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು, ನವೆಂಬರ್‌ನಲ್ಲಿ ಭಾರತ ತಂಡದ ಶಿಬಿರಕ್ಕೂ ಬಂದರು. ಈಗ ಅವರನ್ನು ವಿದೇಶಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಂದರೆ ಒಬ್ಬರನ್ನೂ ಕಳೆದುಕೊಳ್ಳದೆ ಕ್ಲಬ್‌ಗೆ ಒಂದು ವಿದೇಶಿ ಜಾಗ ಖಾಲಿ ಸಿಕ್ಕಿದ ಹಾಗಾಯಿತು. ಆ ಜಾಗಕ್ಕೆ ಛೆಟ್ರಿ ನಂತರ ಗೋಲು ಹೊಡೆಯುವವರನ್ನು ತರಬೇಕು, ಇನ್ನೊಬ್ಬ ಮಿಡ್‌ಫೀಲ್ಡರ್‌ನನ್ನಲ್ಲ. ನನ್ನನ್ನು ಕೇಳಿದರೆ 26 ದಾಟದ ಸ್ಟ್ರೈಕರ್, ಕನಿಷ್ಠ ಮೂರು ವರ್ಷದ ಒಪ್ಪಂದ.