ಕೆಳಗಿನ ಸಾಲಿನ ರೆಡ್ ವೈನ್

ಕೈಗೆಟುಕುವ ಬೆಲೆಗೆ ಒಳ್ಳೆಯ ರೆಡ್ ವೈನ್ ಬೇಕಿದ್ದರೆ ಹೆಸರು ಕೇಳದ ದ್ರಾಕ್ಷಿಯನ್ನು ಹುಡುಕಿ. ಆಮದು ಬಾಟಲಿಯ ಬೆಲೆಯಲ್ಲಿ ಗಾಜು, ಬಿರಡೆ, ಹಡಗಿನ ಬಾಡಿಗೆ, ಸುಂಕ, ಅಬಕಾರಿ ಎಲ್ಲವೂ ಸೇರಿರುತ್ತವೆ. ಇದರ ಮೇಲೆ ಫ್ರಾನ್ಸಿನ ಹೆಸರಾಂತ ವೈನ್ ಪ್ರದೇಶವಾದ 'ಬೋರ್ಡೋ' ಎಂಬ ಹೆಸರಿಗೂ ದುಡ್ಡು ಕೊಟ್ಟರೆ ಒಳಗಿನ ವೈನಿನ ಪಾಲಿಗೆ ಉಳಿಯುವುದು ಚಿಲ್ಲರೆ.

ಮೊದಲು ಚಿಲಿಯ ಕಾರ್ಮೆನೇರ್ ನೋಡಿ. 1994ರವರೆಗೆ ಅಲ್ಲಿನ ರೈತರು ಇದನ್ನು ಮೆರ್ಲೋ ಎಂಬ ಬೇರೆ ದ್ರಾಕ್ಷಿ ಎಂದುಕೊಂಡೇ ಬೆಳೆಯುತ್ತಿದ್ದರು. ಹೆಚ್ಚಿದ ದೊಣ್ಣೆ ಮೆಣಸಿನಕಾಯಿಯ ಹಸಿ ಘಮ ಬಂದರೆ ಅದು ಕೆಟ್ಟಿದ್ದಲ್ಲ, ಈ ದ್ರಾಕ್ಷಿಯ ಗುಣವೇ ಅದು. ದಕ್ಷಿಣ ಆಫ್ರಿಕಾದ ಪಿನೊಟಾಜ್ 1925ರಲ್ಲಿ ಪಿನೋ ನ್ವಾರ್ ಮತ್ತು ಸ್ಯಾನ್ಸೋ ಎಂಬ ದ್ರಾಕ್ಷಿಗಳನ್ನು ಬೆರೆಸಿ ತಂದ ತಳಿ. ತುಸು ಹೊಗೆಯ ವಾಸನೆ, ಕೆಂಡದ ಮೇಲಿನ ಮಾಂಸಕ್ಕೆ ಒಗ್ಗುತ್ತದೆ. ಇಟಲಿಯ ಮಾಂಟೆಪುಲ್ಚಾನೋ ದಬ್ರುತ್ಸೊ ಕೊಳ್ಳುವಾಗ ಮಾತ್ರ ಲೇಬಲ್ ಪೂರ್ತಿ ಓದಿ. ಇಲ್ಲಿ ಮಾಂಟೆಪುಲ್ಚಾನೋ ಎಂಬುದು ದ್ರಾಕ್ಷಿಯ ಹೆಸರು. 'ವೀನೋ ನೋಬಿಲೆ ದಿ ಮಾಂಟೆಪುಲ್ಚಾನೋ' ಎಂದಿದ್ದರೆ ಅದು ಊರಿನ ಹೆಸರು, ಒಳಗಿರುವುದು ಮುಖ್ಯವಾಗಿ ಸಾಂಜೊವೇಸೆ ಎಂಬ ಬೇರೆ ದ್ರಾಕ್ಷಿ, ಬೆಲೆಯೂ ಬೇರೆ.

ನಮ್ಮಲ್ಲೇ ಬೆಳೆದದ್ದಕ್ಕೆ ಆಮದು ಸುಂಕವಿಲ್ಲ. ನಂದಿಬೆಟ್ಟದ ಸುತ್ತಿನ ಶಿರಾಜ್, ಮಹಾರಾಷ್ಟ್ರದ ಅಕ್ಲೂಜ್ ಕಡೆಯ ಸಾಂಜೊವೇಸೆ ರುಚಿ ನೋಡಿ. ಆದರೆ 'ಪೋರ್ಟ್' ಎಂದು ಬರೆದಿರುವ ಅಗ್ಗದ ಸಿಹಿ ಬಾಟಲಿಯನ್ನು ರೆಡ್ ವೈನ್ ಲೆಕ್ಕಕ್ಕೆ ಹಿಡಿಯಬೇಡಿ. ಅದರಲ್ಲಿ ಹೆಚ್ಚಾಗಿ ಇರುವುದು ಬೆಂಗಳೂರು ನೀಲಿ ದ್ರಾಕ್ಷಿ. ತಿನ್ನುವುದಕ್ಕೂ ಜ್ಯೂಸಿಗೂ ಸೊಗಸು, ಸಿಹಿಯಿಲ್ಲದ 'ಡ್ರೈ' ವೈನಿಗೆ ಅದರ ಪರಿಮಳ ಜಾಸ್ತಿಯಾಯಿತು.

ಅಂಗಡಿಯಲ್ಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ವೈನ್ ಕತ್ತಿನ ಬುಡಕ್ಕಿಂತ ಕೆಳಗಿಳಿದಿದ್ದರೆ, ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಹೊದಿಕೆಯ ಅಂಚು ಅಂಟಂಟಾಗಿದ್ದರೆ ಬಿಟ್ಟುಬಿಡಿ: ಬಿಸಿಗೆ ವೈನ್ ಹಿಗ್ಗಿ ಹೊರಗೆ ಜಿನುಗಿದೆ ಎಂದರ್ಥ. ಗಾಜಿನ ಕಿಟಕಿ ಪಕ್ಕ ಬಿಸಿಲು ಕಾದದ್ದಂತೂ ಬೇಡ. ಕಡಿಮೆ ಬೆಲೆಯ ರೆಡ್ ಹಳೆಯದಾದಷ್ಟೂ ರುಚಿ ಎಂಬುದು ಸುಳ್ಳು; ಕೊಯ್ಲಿನ ವರ್ಷ ಮೂರು-ನಾಲ್ಕು ವರ್ಷದೊಳಗಿರಲಿ. ತಿರುಪಿನ ಮುಚ್ಚಳ ಕಂಡು ಮೂಗು ಮುರಿಯಬೇಡಿ. ಒದ್ದೆ ರಟ್ಟಿನ ವಾಸನೆ ತರುವ ದೋಷ ಬರುವುದು ಹೆಚ್ಚಾಗಿ ಕಾರ್ಕ್ ಬಿರಡೆಯಿಂದಲೇ.

ರೆಡ್ ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕುಡಿಯಬೇಕು ಎಂಬ ಮಾತು ಹುಟ್ಟಿದ್ದು ಯುರೋಪಿನ ತಂಪು ಮನೆಗಳಲ್ಲಿ. ಏಪ್ರಿಲ್‌ನ ಬೆಂಗಳೂರಿಗೆ ಅದು ಹೊಂದುವುದಿಲ್ಲ. 30 ಡಿಗ್ರಿಯಲ್ಲಿ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ. ಗಂಟೆ-ಒಂದೂವರೆ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. 16-18 ಡಿಗ್ರಿ ಸಾಕು. ಖಾರದ ಊಟದ ಜೊತೆ ಒಗರು ಜಾಸ್ತಿಯಿರುವ, ಆಲ್ಕೋಹಾಲ್ 14.5% ದಾಟಿದ ವೈನ್ ನಾಲಿಗೆ ಸುಡುತ್ತದೆ. ನಾಟಿಕೋಳಿ ಸಾರಿಗೆ ಸ್ಪೇನಿನ ಗರ್ನಾಚಾ ದ್ರಾಕ್ಷಿಯ ಹಗುರವಾದ ವೈನ್ ವಾಸಿ, ಅದೂ ಇನ್ನಷ್ಟು ತಂಪಾಗಿ.

750 ಮಿಲಿ ಬಾಟಲಿಯನ್ನು ಒಂದೇ ಸಲ ಮುಗಿಸಬೇಕೆಂದಿಲ್ಲ. ತೆರೆದ ಕೂಡಲೇ ಅರ್ಧವನ್ನು ಚೆನ್ನಾಗಿ ತೊಳೆದ 375 ಮಿಲಿ ಬಾಟಲಿಗೆ ಕಂಠಮಟ್ಟ ತುಂಬಿ, ಮುಚ್ಚಿ, ಫ್ರಿಜ್‌ಗಿಡಿ. ಒಳಗೆ ಗಾಳಿಗೆ ಜಾಗವಿಲ್ಲದಿದ್ದರೆ ಮೂರು-ನಾಲ್ಕು ದಿನ ನಿಲ್ಲುತ್ತದೆ. ಆಮೇಲೂ ಮಿಕ್ಕರೆ ಮಟನ್ ಗ್ರೇವಿಗೆ ಸುರಿಯಿರಿ.